ಹೊಸ್ತಿಲ ಕೆಳಗಿನ ಕಪ್ಪೆ ಕಾಯಿನ್ನು

ನನ್ನ ತಾಯಿಯ ಮೂರು ಲಕ್ಷ ರೂಪಾಯಿಯನ್ನು ನಾನು ಒಂದು ಕಪ್ಪೆಯ ಮೇಲೆ ಹಾಕಿದೆ. ಸುತ್ತಿ ಬಳಸಿ ಹೇಳಿದರೆ ನನ್ನನ್ನು ದೊಡ್ಡ ಹೂಡಿಕೆದಾರ ಅಂತ ನೀವು ತಿಳಿದುಬಿಡಬಹುದು, ಅದಕ್ಕೇ ಮೊದಲೇ ಹೇಳಿಬಿಡುತ್ತಿದ್ದೇನೆ. ಕಪ್ಪೆ ಅಂದರೆ ಗದ್ದೆ ಬದುವಿನ ಕಪ್ಪೆಯಲ್ಲ. ಅದಾದರೆ ಮಳೆ ಬಂದಾಗ ವಟಗುಟ್ಟಿಯಾದರೂ ತಾನಿದ್ದೇನೆ ಅಂತ ತಿಳಿಸುತ್ತದೆ. ಇದು ಬಿಟ್‌ಕಾಯಿನ್ ಬಂದ ಮೇಲೆ ಅದರ ಹಿಂದೆಯೇ ಹುಟ್ಟಿಕೊಂಡ ಸಾವಿರಾರು ಮರಿ ಕಾಯಿನ್ನುಗಳಲ್ಲಿ ಒಂದು. ಒಂದಕ್ಕೆ ನಾಯಿಯ ಮುಖ, ಇನ್ನೊಂದಕ್ಕೆ ಬೆಕ್ಕಿನ ಮುಖ, ನಾನು ಕೊಂಡದ್ದಕ್ಕೆ ಕಪ್ಪು ಕನ್ನಡಕ ಹಾಕಿದ ಕಪ್ಪೆಯ ಮುಖ. ಕೈಯಲ್ಲಿ ಹಿಡಿಯುವಂತಿಲ್ಲ, ಜೇಬಿಗೆ ಹಾಕುವಂತಿಲ್ಲ, ಫೋನಿನ ಪರದೆಯ ಮೇಲೆ ಅಂಕಿಯಾಗಿ ಕಾಣುತ್ತದೆ, ಅಷ್ಟೆ. ಆ ಅಂಕಿ ಏರಿದರೆ ಮೀಸೆ ತಿರುವಬೇಕು, ಇಳಿದರೆ ಹೆಂಡತಿಯ ಮೇಲೆ ಹರಿಹಾಯಬೇಕು.

ಮದ್ದೂರಿನಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ಲಿನ ಮೋಟಾರು ಸುಟ್ಟರೆ ಕಳಚಿ, ಕರಕಲಾದ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತಿ ಕೊಡುವುದು ನನ್ನ ಕಸುಬು. ಇಪ್ಪತ್ತಾರು ವರ್ಷ ತಾಮ್ರ ಮುಟ್ಟಿದವನು ನಾನು. ತಂತಿಯ ತುಂಡನ್ನು ಬೆರಳಲ್ಲಿ ತಿಕ್ಕಿದರೆ ಸಾಕು, ಅಸಲಿಯೋ ಬೆರಕೆಯೋ ಹೇಳಿಬಿಡುತ್ತೇನೆ. ಇಂಥ ಘಟಾನುಘಟಿ ಮುಟ್ಟಲಾರದ ಕಪ್ಪೆಗೆ ಹೇಗೆ ಬಿದ್ದ ಅಂತ ನನ್ನ ಹೆಂಡತಿ ಈಗಲೂ ನಂಟರ ಮುಂದೆ ಕೇಳುತ್ತಾಳೆ. ನಂಟರಿಲ್ಲದಾಗ ಕೇಳುವುದಿಲ್ಲ, ಆಗ ಅವಳಿಗೆ ಉತ್ತರ ಗೊತ್ತಿರುತ್ತದೆ.

ಬಿದ್ದದ್ದು ಮಳವಳ್ಳಿಯಲ್ಲಿ. ಗಿರಾಕಿಯೊಬ್ಬ ಕಲ್ಯಾಣ ಮಂಟಪವೊಂದರಲ್ಲಿ ಮೀಟಿಂಗ್ ಇದೆ, ಊಟವೂ ಇದೆ ಅಂದ. ಹೆಂಡತಿಯ ತವರೂ ಅಲ್ಲೇ, ಅವಳನ್ನು ಬಿಟ್ಟಂತೆಯೂ ಆಯಿತು ಅಂತ ಹೋದೆ. ಮದುಮಕ್ಕಳು ಕೂರುವ ಕುರ್ಚಿಯ ಪಕ್ಕ ಟೈ ಕಟ್ಟಿದ ಒಬ್ಬಾತ ನಿಂತು, ಇನ್ನು ಮುಂದೆ ಬ್ಯಾಂಕೇ ಬೇಡ, ಸರ್ಕಾರವೇ ಬೇಡ, ದುಡ್ಡು ಜನರ ಕೈಗೇ ಬರುತ್ತದೆ ಅಂತ ಬೆವರುತ್ತಾ ಹೇಳುತ್ತಿದ್ದ. ಮುಂದಿನ ಸಾಲಿನಲ್ಲಿ ಹೆಗಲ ಮೇಲೆ ಟವಲು ಹಾಕಿಕೊಂಡಿದ್ದ ಯಜಮಾನರೊಬ್ಬರು ಎದ್ದು ನಿಂತರು.

"ಸ್ವಾಮಿ, ಅದು ಎಲ್ಲದೆ ಅಂತ ವಸಿ ತೋರ್ಸಿ."

"ಅದು ಎಲ್ಲಾ ಕಡೆನೂ ಇದೆ ಸರ್," ಅಂದ ಟೈ.

"ದೇವ್ರಂಗಾ?"

"ಹೌದು ಸರ್, ದೇವರ ಹಾಗೆ."

"ಅಂಗಾರೆ ಕೈಗೆ ಸಿಕ್ಕಾಕಿಲ್ಲ ಬುಡಿ," ಅಂದು ಯಜಮಾನರು ಊಟದ ಹಾಲಿಗೆ ನಡೆದೇಬಿಟ್ಟರು.

ಅವರ ಹಿಂದೆಯೇ ಎದ್ದು ಹೋಗಿದ್ದರೆ ನನ್ನ ತಾಯಿಯ ದುಡ್ಡು ಉಳಿಯುತ್ತಿತ್ತು. ನಾನು ಕೂತೆ. ಬಿಟ್‌ಕಾಯಿನ್ನಿನ ಬೆಲೆ ಕೇಳಿದರೆ ತಲೆ ತಿರುಗುವಂತಿತ್ತು, ಮರಿ ಕಾಯಿನ್ನುಗಳೋ ಪೈಸೆಗೆ ಹತ್ತಾರು. ಒಂದು ರೂಪಾಯಿಗೆ ಕಂತೆ ಕಂತೆ ಕಪ್ಪೆ ಸಿಗುವುದಾದರೆ, ಅದು ನಾಳೆ ಒಂದೊಂದೇ ರೂಪಾಯಿ ಆದರೂ ಸಾಕಲ್ಲ ಅಂತ ನನ್ನ ಬುದ್ಧಿ ಹೇಳಿತು. ನನ್ನ ಬುದ್ಧಿ ಅಂಗಡಿಯಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಅಂಗಡಿಯ ಬಾಗಿಲು ಹಾಕಿದ ಮೇಲೆ ಅದೂ ಬಾಗಿಲು ಹಾಕಿಕೊಳ್ಳುತ್ತದೆ.

ಅವ್ವನ ದುಡ್ಡಿನ ಕತೆ ಹೀಗೆ. ನಮ್ಮೂರಿನ ಜಮೀನು ಬೈಪಾಸ್ ರಸ್ತೆಗೆ ಹೋಯಿತು. ಪರಿಹಾರ ಬಂತು, ಅಣ್ಣ ಅಕ್ಕಂದಿರ ಪಾಲು ಅವರವರಿಗೆ ಹೋಯಿತು. ನನ್ನ ಪಾಲಿನಲ್ಲಿ ಮದ್ದೂರಿನ ಹೊರಗೆ ಸೈಟು ಕೊಂಡು ಮನೆಗೆ ಪಾಯ ತೆಗೆದೆ. ಅವ್ವ ತನಗೆ ಅಂತ ಮೂರು ಲಕ್ಷ ಇಟ್ಟುಕೊಂಡಳು. ಅದನ್ನು ನನ್ನ ಕೈಗೆ ಕೊಟ್ಟು, "ಬ್ಯಾಂಕಲ್ಲಿ ಆಕು. ನಾ ಕೇಳ್ದಾಗ ಕೊಡು. ಯಾಕೆ ಅಂತ ಕೇಳ್ಬ್ಯಾಡ," ಅಂದಳು. ನಾನು ಬ್ಯಾಂಕಿನ ತನಕ ಹೋದದ್ದು ನಿಜ. ಅಲ್ಲಿ ಕೊಡುವ ಬಡ್ಡಿ ಕೇಳಿ ನಗು ಬಂದದ್ದೂ ನಿಜ. ಹೊರಗೆ ಬಂದು ಬೇವಿನ ಮರದ ನೆರಳಲ್ಲಿ ಬೈಕಿಗೆ ಒರಗಿ, ಒಂದೇ ಮಧ್ಯಾಹ್ನದಲ್ಲಿ ಮೂರು ಲಕ್ಷವನ್ನೂ ಕಪ್ಪೆ ಮಾಡಿದೆ. ಅವ್ವನಿಗೆ ಬ್ಯಾಂಕಲ್ಲಿ ಹಾಕಿದೆ ಅಂದೆ.

ಮೊದಲ ತಿಂಗಳು ಕಪ್ಪೆ ಚೆನ್ನಾಗಿ ಕುಪ್ಪಳಿಸಿತು. ಮಂಡ್ಯದಲ್ಲಿ ನನ್ನ ಹೈಸ್ಕೂಲು ಗೆಳೆಯನೊಬ್ಬ ಗುಜರಿ ತಾಮ್ರದ ವ್ಯಾಪಾರಿ. ಅವರ ತಾತನ ಕಾಲದಿಂದ ಅದೇ ಕಸುಬು, ನಾನು ಕಿತ್ತ ಹಳೇ ತಂತಿ ಕೊಳ್ಳುವವನೂ ಅವನೇ, ಹೊಸ ತಂತಿ ತರಿಸಿ ಕೊಡುವವನೂ ಅವನೇ. ಒಂದು ದಿನ ಹತ್ತು ಕೆಜಿ ತಂತಿಗೆ ನೋಟು ಕೊಡದೆ ಕಪ್ಪೆ ಕೊಡುತ್ತೇನೆ ಅಂದೆ. ದುಡ್ಡು ಅಂದ ಮೇಲೆ ಅದರಿಂದ ಏನಾದರೂ ಕೊಳ್ಳಬೇಕಲ್ಲ, ಬರೀ ನೋಡಿಕೊಂಡು ಕೂತರೆ ಅದು ದುಡ್ಡು ಹೇಗಾದೀತು ಅನ್ನುವುದು ನನ್ನ ವಾದ. ಅವನು ನನ್ನ ಮುಖ ನೋಡಿದ.

"ತಾಮ್ರ ಕಾಲಿನ ಮ್ಯಾಲೆ ಬಿದ್ರೆ ನೋವಾಯ್ತದೆ ಗುರು. ನಿನ್ ಕಪ್ಪೆ ಬಿದ್ರೆ ನೋವಾಯ್ತದಾ?"

"ಒಂದ್ಸಲ ತಕ್ಕೊಂಡು ನೋಡ್ಲಾ."

ತೆಗೆದುಕೊಂಡ. ಅವನ ಫೋನಿಗೆ ಆ್ಯಪ್ ಹಾಕಿ, ಕಪ್ಪೆ ಕಳಿಸಿ, ತಂತಿ ಹೊತ್ತು ತಂದೆ. ಎಂಟೇ ದಿನಕ್ಕೆ ಅದು ಎರಡರಷ್ಟಾಯಿತು. ಅವನು ಆ ಕ್ಷಣವೇ ಮಾರಿ, ದುಡ್ಡು ಬಿಡಿಸಿಕೊಂಡು, ಮಳವಳ್ಳಿ ಕಡೆಗೆ ಹೋಗಿ ಒಂದು ಬಂಡೂರು ಕುರಿ ಹಿಡಿದು ತಂದ. ಹಬ್ಬದ ದಿನ ನನಗೂ ಒಂದು ಕ್ಯಾರಿಯರ್ ತುಂಬ ಚಾಪ್ಸು ಬಂತು. ಈ ಕಪ್ಪೆಯಿಂದ ನಮ್ಮ ಜಿಲ್ಲೆಯಲ್ಲಿ ಯಾರದಾದರೂ ಹೊಟ್ಟೆ ತುಂಬಿದ್ದು ನಾನು ಕಂಡಂತೆ ಅದೊಂದೇ ಸಲ. ಮೂಳೆ ಚೀಪುತ್ತಾ ಅವನನ್ನು ಅವಸರದವನು ಅಂತ ಆಡಿಕೊಂಡೆ.

ಆಮೇಲೆ ಕಪ್ಪೆ ಬಾವಿಗೆ ಬಿತ್ತು. ಅದರ ಜೊತೆಗೆ ಇನ್ನೊಂದು ಸುದ್ದಿ: ಜನರ ಕಾಯಿನ್ನು ಇಟ್ಟುಕೊಂಡಿದ್ದ ಯಾವುದೋ ದೂರದ ದೇಶದ ಕಂಪನಿಯೊಂದು ಬೆಳಗಾಗುವುದರೊಳಗೆ ಮುಳುಗಿತಂತೆ. ಹೆದರಿಕೆಯಾಗಿ, ಆ್ಯಪಿನಲ್ಲಿದ್ದ ಕಪ್ಪೆಗಳನ್ನೆಲ್ಲ ಪೆನ್‌ಡ್ರೈವಿನಂಥ ಒಂದು ಪುಟ್ಟ ಡಬ್ಬಿ ತರಿಸಿ ಅದಕ್ಕೆ ವರ್ಗಾಯಿಸಿದೆ. ಡಬ್ಬಿ ಹಾಳಾದರೆ ದುಡ್ಡು ವಾಪಸು ತೆಗೆಯಲು ಅದು ಹನ್ನೆರಡು ಇಂಗ್ಲಿಷ್ ಪದ ಕೊಡುತ್ತದೆ, ಅವನ್ನು ಬರೆದು ಜೋಪಾನ ಮಾಡಬೇಕು, ಯಾರಿಗೂ ತೋರಿಸಬಾರದು. ಡಬ್ಬಿಯೂ ಹೋಗಿ ಪದಗಳೂ ಹೋದರೆ ದೇವರೇ ಬಂದರೂ ದುಡ್ಡು ಸಿಗುವುದಿಲ್ಲ. ನಾನು ಚೀಟಿಯ ಮೇಲೆ ಬರೆದು, ನೀರು ಬಿದ್ದೀತು ಅಂತ ಜೆರಾಕ್ಸ್ ಅಂಗಡಿಗೆ ಒಯ್ದು ಲ್ಯಾಮಿನೇಷನ್ ಮಾಡಿಸಿದೆ. ಅಂಗಡಿಯ ಹೆಂಗಸು ಅಷ್ಟೂ ಪದಗಳನ್ನು ಗಟ್ಟಿಯಾಗಿ ಓದಿ, "ಮಗೀಗೆ ಸ್ಪೆಲ್ಲಿಂಗ್ ಟೆಸ್ಟಾ ಅಣ್ಣ?" ಅಂದಳು. ಕ್ಯೂನಲ್ಲಿ ನಾಲ್ಕು ಜನ ಇದ್ದರು. ಪುಣ್ಯಕ್ಕೆ ನನ್ನಷ್ಟು ತಿಳಿದವರು ಅವರಲ್ಲಿ ಯಾರೂ ಇರಲಿಲ್ಲ.

ಡಬ್ಬಿಯನ್ನೂ ಚೀಟಿಯನ್ನೂ ಒಂದೇ ಪ್ಲಾಸ್ಟಿಕ್ ಕವರಿಗೆ ಹಾಕಿದೆ. ಎರಡನ್ನೂ ಬೇರೆ ಬೇರೆ ಕಡೆ ಇಡಬೇಕು ಅಂತ ವಿಡಿಯೋದಲ್ಲಿ ಹೇಳಿದ್ದರು. ಬೇರೆ ಬೇರೆ ಇಟ್ಟರೆ ಹುಡುಕುವುದು ಕಷ್ಟ ಅಂತ ನಾನು ಸುಧಾರಿಸಿದೆ. ಅವ್ವ ಆಗಾಗ "ನನ್ ದುಡ್ಡು ಇದ್ದದೇನ್ಲಾ?" ಅಂತ ಕೇಳುತ್ತಿದ್ದಳು. ಬಾಯಿ ಮುಚ್ಚಿಸಲು ಆ ಕವರನ್ನೇ ಅವಳ ಕೈಗೆ ಕೊಟ್ಟೆ.

"ನಿನ್ ದುಡ್ಡು ಇದ್ರೊಳ್ಗದೆ ಕಣವ್ವ. ಈಗಿನ ಬ್ಯಾಂಕು ಇಂಗೇ ಇರೋದು."

"ಇದ್ರೊಳ್ಗಾ? ತಗಿಯದೆಂಗೆ?"

"ನನ್ ಫೋನಲ್ಲೇ ತಗೀಬೋದು. ಇದು ಸುಮ್ನೆ ನಿನ್ತಾವ ಇರ್ಲಿ."

ಸುಳ್ಳಿಗೆ ಇಷ್ಟು ಉದ್ದದ ಬಾಲ ಬೇಕಿರಲಿಲ್ಲ. ಅವ್ವ ಅದನ್ನು ಕಣ್ಣಿಗೊತ್ತಿಕೊಂಡು ತನ್ನ ಟ್ರಂಕಿನಲ್ಲಿಟ್ಟಳು. ಬೆಲೆ ದಿನಾ ಇಳಿಯುತ್ತಲೇ ಇತ್ತು, ಹಾಗಾಗಿ ನಾನು ನೋಡುವುದನ್ನೇ ಬಿಟ್ಟೆ. ಮನೆಯ ಗೋಡೆ ಎದ್ದಿತು. ಒಂದು ದಿನ ಬಾಗಿಲು ಇಡುವ ಪೂಜೆಯೂ ಆಯಿತು. ನಮ್ಮ ಕಡೆ ಮುಂಬಾಗಿಲಿನ ಚೌಕಟ್ಟು ನಿಲ್ಲಿಸುವಾಗ ಹೊಸ್ತಿಲ ಕೆಳಗೆ ಗುಳಿಯಲ್ಲಿ ಗಂಟೊಂದನ್ನು ಇಡುತ್ತಾರೆ. ಅರಿಸಿನದ ಬಟ್ಟೆಯಲ್ಲಿ ಒಂದು ಚೂರು ಚಿನ್ನ, ಒಂದು ಚೂರು ಬೆಳ್ಳಿ, ತಾಮ್ರ, ಐದು ಬಿಲ್ಲೆ ಕಾಸು, ನವಧಾನ್ಯ. ಅದರ ಮೇಲೆ ಸಿಮೆಂಟು ಸುರಿದರೆ ಮನೆಯ ಲಕ್ಷ್ಮಿ ಅಲ್ಲೇ ನೆಲೆ ನಿಂತಂತೆ. ಗಂಟು ಕಟ್ಟಿದವಳು ಅವ್ವ. ನಾನು ಆಚಾರಿಗೆ ಎಲೆ ಅಡಿಕೆ ಕೊಡುತ್ತಾ, ಬಂದವರಿಗೆ ಕಾಫಿ ಹೇಳುತ್ತಾ, ಮನೆ ಯಜಮಾನನ ಗತ್ತಿನಲ್ಲಿ ಓಡಾಡುತ್ತಿದ್ದೆ.

ಗೃಹಪ್ರವೇಶವಾಗಿ ಹಲವು ತಿಂಗಳ ಮೇಲೆ, ಒಂದು ಬೆಳಗ್ಗೆ ಗುಜರಿ ಗೆಳೆಯ ಫೋನು ಮಾಡಿದ. "ನಿನ್ ಕಪ್ಪೆ ಎದ್ದದೆ ಕಣ್ಲಾ, ನೋಡ್ದಾ?" ನೋಡಿದೆ. ಡಬ್ಬಿ ಎಲ್ಲೇ ಇರಲಿ, ಅದರಲ್ಲಿ ಎಷ್ಟಿದೆ ಅನ್ನುವುದನ್ನು ಫೋನಿನಲ್ಲಿ ನೋಡಬಹುದು. ನೋಡಬಹುದು ಅಷ್ಟೆ, ಡಬ್ಬಿಯಿಲ್ಲದೆ ಮುಟ್ಟುವಂತಿಲ್ಲ. ಮೂರು ಲಕ್ಷ ಇದ್ದದ್ದು ಐದೂವರೆ ಆಗಿತ್ತು. ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಅವ್ವನ ಹತ್ತಿರ ಓಡಿದೆ. ಅವಳು ಮುಂಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದಳು.

"ಅವ್ವ, ಆ ಡಬ್ಬಿ ಎಲ್ಲಿಟ್ಟಿದ್ದೀಯ?"

ಅವ್ವ ತಲೆಯೆತ್ತಿ ನನ್ನ ಪಾದಗಳನ್ನು ನೋಡಿದಳು. "ಕಾಲ್ ತಗೀಲಾ ಒಸ್ಲ ಮ್ಯಾಲಿಂದ. ಅಲ್ಲೇ ಅದೆ."

"ಎಲ್ಲಿ?"

"ಒಸ್ಲ ಕೆಳ್ಗೆ. ಚಿನ್ನ ಬೆಳ್ಳಿ ಎಲ್ಲಾ ಇಟ್ಟ ಮ್ಯಾಲೆ ಬ್ಯಾಂಕೂ ಇರ್ಲಿ ಅಂತ ಗಂಟಿಗೆ ಸೇರಿಸ್ದೆ. ದುಡ್ಡ ಫೋನಲ್ಲೇ ತಗೀಬೋದು ಅಂದ್ಯಲ್ಲ. ಡಬ್ಬಿ ಟ್ರಂಕಲ್ಲಿದ್ರೇನು, ಒಸ್ಲಲ್ಲಿದ್ರೇನು? ನಿನ್ ಮನೆಗೆ ಒಳ್ಳೇದಾಯ್ತದೆ."

ಹೆಮ್ಮೆಯಿಂದ ಹೇಳಿದಳು. ತನ್ನ ಮೂರು ಲಕ್ಷದ ಆಶೀರ್ವಾದವನ್ನು ಮಗನ ಮನೆಗೆ ಗುಟ್ಟಾಗಿ ಇಟ್ಟ ಹೆಮ್ಮೆ ಅದು. ನನ್ನ ಬಾಯಲ್ಲಿದ್ದ ಪೇಸ್ಟು ಗಂಟಲಿಗಿಳಿಯಿತು. ಅಗೆಯೋಣ ಅನ್ನಬೇಕಾದರೆ ಯಾಕೆ ಅಂತ ಹೇಳಬೇಕು. ಯಾಕೆ ಅಂತ ಹೇಳಿದರೆ ಬ್ಯಾಂಕೂ ಸುಳ್ಳು, ಫೋನೂ ಸುಳ್ಳು ಅಂತ ಗೊತ್ತಾಗುತ್ತದೆ. ನನ್ನ ಅಣ್ಣ ಇಂಥದ್ದು ಮಾಡಿದ್ದರೆ ಊರೆಲ್ಲ ಸಾರಿಕೊಂಡು ಬರುತ್ತಿದ್ದೆ. ಮಾಡಿದವನು ನಾನಾದ್ದರಿಂದ ಒಳಗೆ ಹೋಗಿ ಬಾಯಿ ಮುಕ್ಕಳಿಸಿದೆ.

ಮುಂದಿನ ದಿನಗಳಲ್ಲಿ ಕಪ್ಪೆ ನಿಲ್ಲಲೇ ಇಲ್ಲ. ಏಳು ಲಕ್ಷ, ಒಂಬತ್ತು, ಹನ್ನೊಂದು. ದಿನಾ ಬೆಳಗ್ಗೆ ಹನ್ನೊಂದು ಲಕ್ಷವನ್ನು ದಾಟಿಕೊಂಡು, ನೂರಿನ್ನೂರಕ್ಕೆ ಚೌಕಾಸಿ ಮಾಡುವ ಗಿರಾಕಿಗಳ ಮೋಟಾರು ಸುತ್ತಲು ಹೋಗುತ್ತಿದ್ದೆ. ಹೊಸ್ತಿಲು ಬಿರುಕು ಬಿಟ್ಟಂತಿದೆ ಅಂದೆ. ಅವ್ವ ಬಗ್ಗಿ ನೋಡಿ, "ನಿನ್ ಕಣ್ಣು ಬಿರುಕು ಬುಟ್ಟದೆ," ಅಂದಳು. ಕೊನೆಗೆ ಮಂಡ್ಯದಿಂದ ಒಬ್ಬ ವಾಸ್ತು ಹೇಳುವವನನ್ನು ಕರೆಸಿದೆ. ಏನು ಹೇಳಬೇಕು ಅಂತ ಬಸ್ ಸ್ಟ್ಯಾಂಡಿನಲ್ಲೇ ಕಾಫಿ ಕೊಡಿಸಿ ಹೇಳಿಕೊಟ್ಟಿದ್ದೆ. ಅವನು ಬಾಗಿಲ ಮುಂದೆ ನಿಂತು, ಟೇಪು ಹಿಡಿದು, ಹೊಸ್ತಿಲು ಅರ್ಧ ಇಂಚು ತಗ್ಗಿದೆ, ಕಿತ್ತು ಎತ್ತರಿಸದಿದ್ದರೆ ಯಜಮಾನನಿಗೆ ಕಂಟಕ ಅಂತ ಘೋಷಿಸಿದ. ಅವ್ವ ಅವನನ್ನು ಕೂರಿಸಿ ಕಾಫಿ ಕೊಟ್ಟಳು. ಅವನು ಲೋಟ ಕೆಳಗಿಡುವ ತನಕ ಕಾದಳು.

"ಸ್ವಾಮಿ, ನಿಮ್ಮನೆ ಒಸ್ಲು ಎಷ್ಟೆತ್ರ ಅದೆ?"

"ನಂದು... ಬಾಡಿಗೆ ಮನೆ ತಾಯಿ."

"ಅಂಗಾರೆ ನೀವೊಂದು ಸ್ವಂತ ಮನೆ ಕಟ್ಕಂಡು, ಅಲ್ಲಿ ಒಸ್ಲ ಮಡಗಿ, ಏನಾಯ್ತದೆ ನೋಡ್ಕಂಡು ಆಮೇಕ್ ಬನ್ನಿ."

ಅವನು ನನ್ನ ಮುಖವನ್ನೂ ನೋಡದೆ ಹೋದ. ಮಾತಾಡಿದ್ದ ದುಡ್ಡನ್ನು ಮಾತ್ರ ಆ ಸಂಜೆಯೇ ಫೋನು ಮಾಡಿ ಕೇಳಿದ.

ಅದಾದ ಮೇಲೆ ಒಂದೇ ವಾರದಲ್ಲಿ ಕಪ್ಪೆ ಮತ್ತೆ ಇಳಿಯತೊಡಗಿತು. ಏಳು, ಐದು, ಮೂರು, ಕೊನೆಗೆ ಎರಡಕ್ಕೂ ಕೆಳಗೆ. ನಿಜ ಹೇಳುತ್ತೇನೆ, ಇಳಿಯುತ್ತಿದ್ದದ್ದು ನೋಡಿ ನನಗೆ ಒಳಗೊಳಗೇ ಸಮಾಧಾನವೂ ಆಯಿತು. ದುಡ್ಡು ಇಲ್ಲದಿದ್ದರೆ ಅಗೆಯುವ ಆಸೆಯೂ ಇಲ್ಲ, ಸುಳ್ಳು ಹೊಸ್ತಿಲ ಕೆಳಗೆ ಹಾಯಾಗಿ ಮಲಗಿರಲಿ, ಅವ್ವ ಕೇಳುವ ಹೊತ್ತಿಗೆ ಹೇಗಾದರೂ ಹೊಂಚಿ ಕೊಟ್ಟರಾಯಿತು ಅಂದುಕೊಂಡೆ.

ಅವ್ವ ಕೇಳಿದಳು. ಒಂದು ಭಾನುವಾರ ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಾ, ತರಕಾರಿಯ ವಿಷಯ ಹೇಳುವ ಹಾಗೆ ಹೇಳಿದಳು.

"ನನ್ ಎಣ ಮಡಗಕ್ಕೆ ಊರಲ್ಲಿ ಜಾಗ ನೋಡಿವ್ನಿ. ಕೆರೆ ಕೆಳ್ಗೆ, ಎಲ್ಡು ಗುಂಟೆ. ಮೂರು ಲಕ್ಸ ಅಂತಾನೆ. ನನ್ ದುಡ್ಡು ತತ್ತಾ."

ನಮ್ಮ ಕಡೆ ಸತ್ತವರನ್ನು ಸ್ವಂತ ಜಮೀನಿನಲ್ಲೇ ಹೂಳುವುದು. ಅಪ್ಪನನ್ನೂ ಹೊಲದ ಮೂಲೆಯಲ್ಲಿ ಹೊಂಗೆ ಮರದ ಕೆಳಗೆ ಹೂತಿದ್ದೆವು. ಆ ಹೊಲ ಈಗ ಬೈಪಾಸ್ ರಸ್ತೆ. ಪರಿಹಾರದ ದುಡ್ಡು ಕೈಗೆ ಬಂದ ದಿನ ನಾವು ಮಕ್ಕಳೆಲ್ಲ ಮಟನ್ ತಂದು ಉಂಡೆವು, ಅವ್ವ ಉಣ್ಣಲಿಲ್ಲ. ಹಲ್ಲುನೋವು ಅಂದಿದ್ದಳು. ಯಾಕೆ ಉಣ್ಣಲಿಲ್ಲ ಅನ್ನುವುದು ನನಗೆ ಈಗ, ಸೊಪ್ಪಿನ ಕಂತೆಯ ಮುಂದೆ ನಿಂತಾಗ ಹೊಳೆಯಿತು.

"ನಿಮ್ಮಪ್ಪನ ಮ್ಯಾಲೆ ಅಗ್ಲೂ ರಾತ್ರಿ ಲಾರಿ ಓಡಾಡ್ತವೆ. ನನ್ ಮ್ಯಾಲೆ ಯಾವ ನನ್ಮಗನ ಲಾರಿನೂ ಓಡಾಡಬಾರ್ದು. ಇನ್ನೆಂಟು ದಿನ ಟೈಮ್ ಕೊಟ್ಟವ್ನೆ. ಆಮೇಕ್ ಬೇರೆಯೋರ್ಗೆ ಕೊಟ್ಬುಡ್ತಾನೆ."

ಸಾಲ ಮಾಡಿ ತಂದು ಕೊಡಬಹುದಿತ್ತು, ಆದರೆ ಮನೆ ಕಟ್ಟಿ ಆಗಲೇ ಕುತ್ತಿಗೆಯ ತನಕ ಮುಳುಗಿದ್ದೆ. ಇನ್ನೊಂದು ಸುಳ್ಳು ಹೇಳಬಹುದಿತ್ತು. ನಲವತ್ತೆಂಟು ವರ್ಷದ ಮಗ, ಎಪ್ಪತ್ತೈದು ದಾಟಿದ ತಾಯಿಗೆ ಅವಳ ಹೆಣದ ಜಾಗದ ಬಗ್ಗೆ ಸುಳ್ಳು ಹೇಳುವಷ್ಟು ಕೆಟ್ಟವನಾಗಿರಲಿಲ್ಲ ಅಂತ ಹೇಳಿಕೊಳ್ಳಲು ಆಸೆ. ನಿಜವೆಂದರೆ ತಕ್ಷಣಕ್ಕೆ ಯಾವ ಸುಳ್ಳೂ ಹೊಳೆಯಲಿಲ್ಲ. ಅವಳ ಎದುರು ಕುಕ್ಕರುಗಾಲಲ್ಲಿ ಕೂತು ಎಲ್ಲ ಹೇಳಿದೆ. ಬ್ಯಾಂಕಿಗೆ ಹಾಕಲಿಲ್ಲ ಅಂದೆ. ಕಾಯಿನ್ನು ಅಂದರೇನು ಅಂತ ನನಗೆ ಗೊತ್ತಿದ್ದಷ್ಟು ಹೇಳಿದೆ, ಅದೂ ಬಹಳ ಇರಲಿಲ್ಲ. ಡಬ್ಬಿ ಅಗೆದರೆ ಮಾತ್ರ ದುಡ್ಡು ಅಂದೆ.

ಅವ್ವ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಆ ಕಾಸಿನ ಮ್ಯಾಲೆ ಯಾರ್ ತಲೆ ಅದೆ?" ಅಂದಳು.

"ಕಪ್ಪೇದು."

"ಏನು?"

"ಕಪ್ಪೆ ಕಣವ್ವ. ಕನ್ನಡ್ಕ ಆಕಿರೋ ಕಪ್ಪೆ."

ಬಾಗಿಲ ಹಿಂದೆ ನಿಂತಿದ್ದ ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ನಗುವಿಗೋ ಅಳುವಿಗೋ ತಿಳಿಯಲಿಲ್ಲ. ಅವ್ವ ನಗಲೂ ಇಲ್ಲ, ಅಳಲೂ ಇಲ್ಲ.

"ನಿಮ್ಮಪ್ಪ ಇಸ್ಪೀಟಲ್ಲಿ ಒಂದ್ ಜೊತೆ ಎತ್ತು ಕಳ್ದ. ನಾ ಬೈದೆ. ಆದ್ರೆ ಅವ್ನು ಸೋತಾಗ ಗೆದ್ದೋನು ಎದ್ರಿಗೇ ಕುಂತಿರ್ತಿದ್ದ. ಕಾಲಿಗ್ ಬಿದ್ದೋ ಕುತ್ಗೆ ಪಟ್ಟಿ ಇಡ್ಕಂಡೋ ಕೇಳ್ಬೋದಾಗಿತ್ತು. ನೀನ್ ಯಾರ್ ಕುತ್ಗೆ ಪಟ್ಟಿ ಇಡ್ಕತೀಯ?"

ಜಗತ್ತಿನ ಯಾವ ಮೂಲೆಯಲ್ಲಿ ಯಾವನು ನನ್ನ ತಾಯಿಯ ಸಮಾಧಿ ಜಾಗವನ್ನು ಗೆದ್ದುಕೊಂಡನೋ ನನಗೆ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿ ಸೊಪ್ಪಿನ ದಂಟು ಮುರಿಯುತ್ತಾ ಕೂತೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾರನೆಯ ದಿನ ಬೆಳಗ್ಗೆ ಅವ್ವನೇ ಹಾರೆ ತಂದು ಬಾಗಿಲ ಮುಂದೆ ಇಟ್ಟಳು. ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು, ಕೈ ಮುಗಿದು, "ಬೈಬ್ಯಾಡ ಕಣವ್ವ ಲಕ್ಷ್ಮಿ. ಇವ್ನು ಉಟ್ದಾಗ್ಲಿಂದ್ಲೂ ಇಂಗೇ," ಅಂದಳು. ನಾನು ಹೊಸ್ತಿಲಿಗೇ ಹಾರೆ ಹಾಕಲು ಹೋದಾಗ ಕೈ ಹಿಡಿದು, "ಒಸ್ಲ ಯಾಕ್ಲಾ ಮುಟ್ಟೀಯೆ? ಮುಂದ್ಗಡೆ ಮೆಟ್ಲಿಂದ ಅಡ್ಡಕ್ಕೆ ಕೊರಿ," ಅಂದಳು. ಹೊಸ್ತಿಲು ಅಲುಗಿಸದೆ, ಮೆಟ್ಟಿಲ ಕಡೆಯಿಂದ ತೂತು ಕೊರೆದು ಗಂಟು ತೆಗೆಯಬಹುದಿತ್ತು. ಇಪ್ಪತ್ತಾರು ವರ್ಷ ಮೋಟಾರು ಬಿಚ್ಚಿದವನಿಗೆ ಅಷ್ಟು ದಿನ ಅದು ಹೊಳೆದಿರಲಿಲ್ಲ. ಹನ್ನೊಂದು ಲಕ್ಷ ಇದ್ದಾಗ ಹೊಳೆಯದಿದ್ದದ್ದಂತೂ ನನ್ನನ್ನು ಈಗಲೂ ನಿದ್ದೆಗೆಡಿಸುತ್ತದೆ.

ಒಂದು ಗಂಟೆ ಕೊರೆದ ಮೇಲೆ ಗಂಟು ಬಂತು. ಬಟ್ಟೆ ಗಟ್ಟಿಯಾಗಿತ್ತು, ನವಧಾನ್ಯ ಹಿಟ್ಟಾಗಿತ್ತು. ಡಬ್ಬಿಯೊಳಗೆ ಸಿಮೆಂಟಿನ ನೀರು ಹೋಗಿ ಅದು ಸತ್ತಿತ್ತು. ಲ್ಯಾಮಿನೇಷನ್ ಚೀಟಿ ಮಾತ್ರ ಒರೆಸಿದರೆ ಹೊಚ್ಚ ಹೊಸದರಂತೆ ಕಾಣಿಸಿತು. ಅವ್ವ ಓದಿ ಹೇಳು ಅಂದಳು. ಕ್ಯಾಬೇಜ್, ಅಂಬ್ರೆಲಾ, ಸೋಲ್ಜರ್ ಅಂತ ಹನ್ನೆರಡನ್ನೂ ಓದಿ, ಎಲೆಕೋಸು, ಛತ್ರಿ, ಸಿಪಾಯಿ ಅಂತ ಕನ್ನಡದಲ್ಲೂ ಹೇಳಿದೆ.

"ಸಂತೆ ಚೀಟಿ ಇದ್ದಂಗದೆ," ಅಂದಳು. ಚಿನ್ನದ ಚೂರು, ಕಾಸುಗಳನ್ನು ತೊಳೆದು, ಹೊಸ ಬಟ್ಟೆಯಲ್ಲಿ ಕಟ್ಟಿ, ವಾಪಸು ಅಲ್ಲೇ ಇಡಿಸಿ, ನನ್ನಿಂದಲೇ ಸಿಮೆಂಟು ಮೆತ್ತಿಸಿದಳು.

ಆ ಪದಗಳನ್ನು ಫೋನಿಗೆ ಹಾಕಿದಾಗ ಕಪ್ಪೆಗಳೆಲ್ಲ ಬಂದವು. ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಒಂದನ್ನೂ ಬಿಡದೆ ಮಾರಿದೆ. ಮಾರುವಾಗಲೂ ಪಾಪಿ ಬುದ್ಧಿ, ಇನ್ನೆರಡು ದಿನ ಕಾದರೆ ಏರಬಹುದೇನೋ ಅಂತು. ಗುಜರಿ ಗೆಳೆಯ ಪಕ್ಕದಲ್ಲೇ ನಿಂತಿದ್ದ. "ಒತ್ಲಾ ಬಟನ್ನ, ಇಲ್ದಿದ್ರೆ ನಾನೇ ಒತ್ತೀನಿ," ಅಂದ. ಒತ್ತಿದೆ. ಮೂರು ಲಕ್ಷದಲ್ಲಿ ಉಳಿದದ್ದು ಒಂದೂವರೆ ಲಕ್ಷ ಮತ್ತು ಚಿಲ್ಲರೆ. ಬ್ಯಾಂಕಿನಿಂದ ಬಿಡಿಸಿ ತಂದು ಅವ್ವನ ಮಡಿಲಿಗೆ ಹಾಕಿದೆ. ಉಳಿದದ್ದನ್ನು ಬೈಕು ಮಾರಿಯಾದರೂ ತುಂಬಿಸುತ್ತೇನೆ, ಜಾಗದವನಿಗೆ ಇನ್ನಷ್ಟು ಟೈಮ್ ಕೇಳೋಣ ಅಂದೆ.

"ನಿನ್ ಬೈಕ್ ಮಾರಿ ನಾನೇನ್ ಮನಿಕಳದು? ಇಷ್ಟಕ್ಕೆ ಎಷ್ಟ್ ಬತ್ತದೋ ಅಷ್ಟೇ ಸಾಕು," ಅಂದಳು.

ಊರಿಗೆ ಹೋದೆವು. ಜಾಗದವನು ಒಂದು ಗುಂಟೆಗೆ ಮೊದಲು ಒಪ್ಪಲಿಲ್ಲ, ಅಷ್ಟು ತುಂಡು ಮಾಡಿದರೆ ಉಳಿದದ್ದು ಯಾರು ಕೊಳ್ಳುತ್ತಾರೆ ಅಂತ ಗೊಣಗಿದ. ಅವ್ವ ಅವನಿಗೆ ಅವನ ತಾಯಿ ಸತ್ತಾಗ ಯಾರು ಯಾರು ಹೆಣ ಹೊತ್ತರು ಅಂತ ಒಂದೊಂದಾಗಿ ನೆನಪಿಸಿದಳು. ಒಪ್ಪಿದ. ಇಷ್ಟು ಚಿಕ್ಕ ತುಂಡು ರಿಜಿಸ್ಟ್ರಿ ಆಗುವುದಿಲ್ಲ ಅಂತ ಊರವರು ಹೇಳಿದ್ದರಿಂದ ಹಿರಿಯರ ಮುಂದೆ ಕರಾರು ಪತ್ರ ಮಾಡಿಕೊಂಡೆವು. ಟೇಪು ಹಿಡಿದು ಅಳೆದು ನಾಲ್ಕು ಮೂಲೆಗೂ ಕಲ್ಲು ನೆಟ್ಟೆವು. ಒಂದು ಕಡೆ ಕೆರೆ ಏರಿ, ಒಂದು ಕಡೆ ಬಂಡೆ, ಲಾರಿ ಬರುವ ಮಾತೇ ಇಲ್ಲ. ಎಲ್ಲರೂ ಹೋದ ಮೇಲೆ ಅವ್ವ ಆ ಚೌಕದೊಳಗೆ ಆ ಕಡೆಯಿಂದ ಈ ಕಡೆಗೆ ನಡೆದು ನೋಡಿದಳು. ಕಾಲಲ್ಲಿ ಕಲ್ಲು ಸರಿಸಿದಳು. ಅವಳ ಮುಖ ನಿರಾಳವಾಗಿದ್ದದ್ದು ನೋಡಿ ನನಗೂ ಮಾತಾಡುವ ಧೈರ್ಯ ಬಂತು.

"ಒಬ್ಳಿಗೆ ಇಷ್ಟು ಧಾರಾಳ ಸಾಕಲ್ಲವ್ವ. ಎಲ್ಡು ಗುಂಟೆ ಯಾಕ್ ಬೇಕಾಗಿತ್ತು ನಿಂಗೆ?"

ಅವ್ವ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು.

"ಒಂದು ನಂಗೆ. ಒಂದು ನಿಂಗೆ. ನಿಮ್ಮಪ್ಪನ ಮಗ್ಗುಲಲ್ಲಿ ನಿಂಗೆ ಜಾಗ ಇತ್ತು, ರೋಡ್ ತಿಂತು. ಅದಕ್ಕೇ ಎಲ್ಡು ಕೇಳ್ದೆ. ನಂದು ನಂಗ್ ಬಂತು. ಕಪ್ಪೆ ನುಂಗಿದ್ದು ನಿಂದು ಕಣ್ಲಾ."

ನಾನು ನಗಲು ಹೋದೆ. ನಗು ಅರ್ಧಕ್ಕೇ ನಿಂತಿತು. ಯಾಕೆ ಅಂತ ಕೇಳಬೇಡ ಅಂದು ಅವಳು ನನ್ನ ಕೈಗೆ ಕೊಟ್ಟಿದ್ದು ಇದನ್ನು. ಅಲ್ಲೇ ಕಲ್ಲಿನ ಮೇಲೆ ಕೂತು, ಸಣ್ಣವನಿದ್ದಾಗ ಅಳುತ್ತಿದ್ದ ಹಾಗೆ ಸೊರಸೊರ ಮೂಗು ಎಳೆಯುತ್ತಾ ಅತ್ತೆ. ಅವ್ವ ಹತ್ತಿರ ಬರಲಿಲ್ಲ, ತಲೆ ಸವರಲಿಲ್ಲ. ಇನ್ನೊಂದು ಸಲ ಚೌಕದ ಉದ್ದಗಲ ಕಣ್ಣಲ್ಲೇ ಅಳೆದು, ಬಂಡೆಯ ಕಡೆಯ ಮೂಲೆಗೆ ಹೋಗಿ ನಿಂತಳು.

"ಅಳ್ಬ್ಯಾಡ ಎದ್ದೇಳ್ಲಾ. ನಾನು ಈ ಮಗ್ಗುಲ್ಗೆ ವಸಿ ಸರ್ಕಂಡು ಮನಿಕತೀನಿ."